ಶೇ 0.25ರ ಹಿಂದಿನ ಲೆಕ್ಕ: ಹಣದುಬ್ಬರದ ಜೊತೆ ಸೂಚ್ಯಂಕವನ್ನೂ ಅಚ್ಚು ಮಾಡಿ

ಮಾನ್ಯ ಸಂಪಾದಕರೇ,

2025ರ ಅಕ್ಟೋಬರ್ ತಿಂಗಳ ಚಿಲ್ಲರೆ ಹಣದುಬ್ಬರ ಶೇ 0.25 ಎಂಬ ಸುದ್ದಿ ಬಂದಾಗ ಓದುಗರಲ್ಲಿ ಎರಡು ಬಗೆಯ ಮಾತು ಕೇಳಿಬಂತು. ‘ಬೆಲೆ ಇಳಿದಿದೆ’ ಎಂದು ಕೆಲವರು ಸಮಾಧಾನಪಟ್ಟರು. ‘ಯಾವ ಸಂತೆಯಲ್ಲಿ ಇಳಿದಿದೆ, ತೋರಿಸಿ’ ಎಂದು ಹಲವರು ಸಿಟ್ಟಾದರು. ಎರಡೂ ಮಾತು ಹುಟ್ಟಿದ್ದು ಒಂದೇ ಕೊರತೆಯಿಂದ. ಪತ್ರಿಕೆಗಳು ಶೇಕಡಾವಾರು ಅಂಕಿಯೊಂದನ್ನೇ ಅಚ್ಚು ಮಾಡುತ್ತವೆ, ಅದು ಯಾವ ಎರಡು ಸಂಖ್ಯೆಗಳಿಂದ ಬಂತು ಎಂಬುದನ್ನು ಹೇಳುವುದಿಲ್ಲ.

ಆ ಎರಡು ಸಂಖ್ಯೆಗಳು ಇವು: 2024ರ ಅಕ್ಟೋಬರಿನಲ್ಲಿ ಗ್ರಾಹಕ ಬೆಲೆ ಸೂಚ್ಯಂಕ (ಮನೆಗಳು ಕೊಳ್ಳುವ ವಸ್ತು, ಸೇವೆಗಳ ಬೆಲೆ ಮಟ್ಟವನ್ನು, ಆಧಾರ ವರ್ಷವಾದ 2012ರದ್ದನ್ನು 100 ಎಂದು ಹಿಡಿದು ಹೇಳುವ ಸಂಖ್ಯೆ) 196.8, 2025ರ ಅಕ್ಟೋಬರಿನಲ್ಲಿ 197.3. ವ್ಯತ್ಯಾಸ 0.5. ಅದನ್ನು 196.8ರಿಂದ ಭಾಗಿಸಿ 100ರಿಂದ ಗುಣಿಸಿದರೆ 0.25. ಅಂದರೆ ಒಟ್ಟಾರೆ ಬೆಲೆ ಮಟ್ಟ ಕೂದಲೆಳೆಯಷ್ಟಾದರೂ ಏರಿದೆ, ಇಳಿದಿಲ್ಲ. ಇನ್ನೊಂದು ವರ್ಷ ಹಿಂದಕ್ಕೆ ಹೋಗಿ: 2023ರ ಅಕ್ಟೋಬರಿನಲ್ಲಿ ಸೂಚ್ಯಂಕ 185.3 ಇತ್ತು. ಅಲ್ಲಿಂದ 2024ರ ಅಕ್ಟೋಬರಿಗೆ ಏರಿಕೆ ಶೇ 6.21. ಎರಡು ವರ್ಷಗಳನ್ನು ಸೇರಿಸಿ ನೋಡಿದರೆ ಸುಮಾರು ಶೇ 6.5. ಮನೆ ನಡೆಸುವವರು ‘ಬೆಲೆ ಇಳಿದಿಲ್ಲ’ ಎಂದದ್ದು ಸರಿ. ಸರ್ಕಾರ ‘ಏರಿಕೆಯ ವೇಗ ತಗ್ಗಿದೆ’ ಎಂದದ್ದೂ ಸರಿ. ಈ ಎರಡರ ನಡುವೆ ಜಗಳ ಹುಟ್ಟಿಸಿದ್ದು ಅರ್ಧ ಹೇಳಿದ ಸುದ್ದಿ.

ಪ್ರತಿ ತಿಂಗಳು ಸುಮಾರು 12ನೇ ತಾರೀಖಿಗೆ ಬರುವ ಈ ಅಂಕಿಯ ಮೇಲೆ ರಿಸರ್ವ್ ಬ್ಯಾಂಕಿನ ಬಡ್ಡಿದರ ನಿಂತಿದೆ. ಗೃಹಸಾಲದ ಕಂತೂ ಹಿರಿಯರ ಠೇವಣಿಯ ಬಡ್ಡಿಯೂ ಅದರ ಹಿಂದೆಯೇ ಸಾಗುತ್ತವೆ. ಆದ್ದರಿಂದ ಇದನ್ನು ಹೇಗೆ ಅಳೆಯುತ್ತಾರೆ, ಎಲ್ಲೆಲ್ಲಿ ಎಡವುತ್ತದೆ ಎಂಬುದನ್ನು ನಿಮ್ಮ ಓದುಗರ ಮುಂದೆ ಸ್ವಲ್ಪ ವಿವರವಾಗಿ ಇಡಬೇಕೆನಿಸಿತು. ಕೊನೆಗೆ ಒಂದು ಕೋರಿಕೆಯೂ ಇದೆ.

ಮೊದಲನೆಯದು ಬೆಲೆ ಬರೆದುಕೊಳ್ಳುವ ಕೆಲಸ. 2012ನ್ನು ಆಧಾರ ವರ್ಷವಾಗಿ ಇಟ್ಟುಕೊಂಡ ಸರಣಿಯಲ್ಲಿ 1,181 ಹಳ್ಳಿಗಳಿಂದ ಮತ್ತು 310 ಪಟ್ಟಣಗಳ 1,114 ಮಾರುಕಟ್ಟೆಗಳಿಂದ ಬೆಲೆ ಸಂಗ್ರಹವಾಗುತ್ತಿತ್ತು. ಬೆಲೆ ಬರೆಯುವವರು ಕಂಡ ಕಂಡ ಅಂಗಡಿಗೆ ಹೋಗುವುದಿಲ್ಲ. ಗೊತ್ತಾದ ಅಂಗಡಿ, ಗೊತ್ತಾದ ತಳಿ ಅಥವಾ ಬ್ರ್ಯಾಂಡು, ಗೊತ್ತಾದ ಅಳತೆ. ‘ಅಕ್ಕಿ’ ಎಂದಷ್ಟೇ ಬರೆದರೆ ಸಾಲದು. ಯಾವ ತಳಿ, ಬಿಡಿಯೋ ಪ್ಯಾಕೆಟ್ಟೋ, ಎಷ್ಟು ಕಿಲೊ ಎಂಬುದೆಲ್ಲ ಮೊದಲೇ ನಿಗದಿಯಾಗಿರಬೇಕು. ಕಳೆದ ತಿಂಗಳು ಸೋನಾ ಮಸೂರಿಯ ಬೆಲೆ ಬರೆದು ಈ ತಿಂಗಳು ದಪ್ಪ ಅಕ್ಕಿಯದನ್ನು ಬರೆದರೆ ಮಾರುಕಟ್ಟೆಯಲ್ಲಿ ಏನೂ ಆಗದೆಯೇ ಕಾಗದದ ಮೇಲೆ ಬೆಲೆ ಕುಸಿದುಬಿಡುತ್ತದೆ. ಸೂಚ್ಯಂಕದ ಪ್ರಾಣ ಇರುವುದು ಇಲ್ಲಿ. ಹೋಲಿಕೆ ಒಂದೇ ವಸ್ತುವಿನ ನಡುವೆ ನಡೆಯಬೇಕು.

ಆದರೆ ವಸ್ತು ಒಂದೇ ತೆರನಾಗಿ ಉಳಿಯುವುದಿಲ್ಲ. ಕರ್ನಾಟಕದವರೆಲ್ಲ ಬಲ್ಲ ಉದಾಹರಣೆ ನಂದಿನಿ ಹಾಲು. ನೀಲಿ ಪ್ಯಾಕೆಟ್ಟಿನ ಒಂದು ಲೀಟರ್ ಹಾಲಿಗೆ 42 ರೂಪಾಯಿ ಇತ್ತು. 2024ರ ಜೂನ್ ಕೊನೆಯಲ್ಲಿ ಪ್ಯಾಕೆಟ್ಟಿನ ಬೆಲೆ 44 ಆಯಿತು, ಜೊತೆಗೆ 50 ಮಿಲಿಲೀಟರ್ ಹಾಲು ಹೆಚ್ಚು ತುಂಬಿದರು. 2025ರ ಏಪ್ರಿಲ್ 1ರಿಂದ ಆ 50 ಮಿಲಿಲೀಟರ್ ಹೋಯಿತು, ಬೆಲೆ 46 ಆಯಿತು. ಪ್ಯಾಕೆಟ್ಟನ್ನೇ ಲೆಕ್ಕಕ್ಕೆ ಹಿಡಿದರೆ ಮೊದಲ ಬಾರಿ ಶೇ 4.8, ಎರಡನೆಯ ಬಾರಿ ಶೇ 4.5 ಏರಿಕೆ. ಲೀಟರಿಗೆ ತಿರುಗಿಸಿ ನೋಡಿ: 42 ರೂಪಾಯಿ, ಆಮೇಲೆ 41.90, ಆಮೇಲೆ 46. ಮೊದಲ ಬಾರಿ ಲೀಟರಿನ ದರ ಏರಲೇ ಇಲ್ಲ, ಹತ್ತು ಪೈಸೆ ಇಳಿದಿತ್ತು. ಎರಡನೆಯ ಬಾರಿ ಏರಿದ್ದು ಶೇ 9.8. ಮನೆಯವರ ಕೈಯಿಂದ ಮೊದಲ ಬಾರಿಯೂ ಎರಡು ರೂಪಾಯಿ ಹೆಚ್ಚೇ ಹೋಯಿತು ಎಂಬುದು ನಿಜ. ಆದರೆ ಅದು ಹೆಚ್ಚುವರಿ ಹಾಲಿಗೆ ಕೊಟ್ಟ ಹಣ, ಬೆಲೆ ಏರಿಕೆ ಅಲ್ಲ. ಖರ್ಚಿನ ಏರಿಕೆ ಬೇರೆ, ಬೆಲೆಯ ಏರಿಕೆ ಬೇರೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಸಿಗುವುದು ಕಷ್ಟ.

ಇದರ ತಿರುಗುಮುರುಗು ಪ್ರಕರಣ ಬಿಸ್ಕತ್ತು, ಸೋಪು, ಚಿಪ್ಸ್ ಪೊಟ್ಟಣಗಳದ್ದು. ಹತ್ತು ರೂಪಾಯಿ ಹತ್ತೇ ಉಳಿಯುತ್ತದೆ, ಒಳಗಿನ ತೂಕ ಕರಗುತ್ತದೆ. 100 ಗ್ರಾಂ ಇದ್ದದ್ದು 80 ಗ್ರಾಂ ಆದರೆ ಗ್ರಾಮಿನ ಲೆಕ್ಕದಲ್ಲಿ ಬೆಲೆ ಶೇ 25 ಏರಿದಂತೆ. ಶೇ 20 ಎಂದು ಹೇಳುವವರು ತೂಕದ ಇಳಿಕೆಯನ್ನು ಹೇಳುತ್ತಿದ್ದಾರೆ, ಬೆಲೆಯ ಏರಿಕೆಯನ್ನಲ್ಲ. ಬೆಲೆ ಬರೆಯುವವರು ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದದೆ ‘ಬದಲಾವಣೆ ಇಲ್ಲ’ ಎಂದು ಬರೆದರೆ ಈ ಏರಿಕೆ ಲೆಕ್ಕಕ್ಕೆ ಸಿಗುವುದೇ ಇಲ್ಲ. ಅಂಗಡಿ ಮುಚ್ಚಿದ್ದರೆ, ಮಾಲು ಬಂದಿರದಿದ್ದರೆ ಇನ್ನೊಂದು ತೊಂದರೆ. ಸಿಗದ ಬೆಲೆಯ ಜಾಗದಲ್ಲಿ ಹಳೆಯ ಬೆಲೆಯನ್ನೇ ಮತ್ತೆ ಬರೆಯುವುದು ಸುಲಭದ ದಾರಿ, ಆದರೆ ತಪ್ಪು ದಾರಿ. ಸೂಚ್ಯಂಕ ಆಗ ಸುಳ್ಳೇ ಸ್ಥಿರವಾಗಿ ಕಾಣುತ್ತದೆ. ಅದೇ ಗುಂಪಿನ ಉಳಿದ ವಸ್ತುಗಳ ಬೆಲೆ ಎಷ್ಟು ಕದಲಿತೋ ಇದೂ ಅಷ್ಟೇ ಕದಲಿತೆಂದು ಹಿಡಿಯುವುದು ಸರಿಯಾದ ಕ್ರಮ.

ಎರಡನೆಯದು ಸರಾಸರಿ. ಒಂದೇ ವಸ್ತುವಿಗೆ ಹಲವು ಅಂಗಡಿಗಳ ಬೆಲೆ ಬಂದಿರುತ್ತದೆ. ಪ್ರತಿ ಅಂಗಡಿಯ ಈಗಿನ ಬೆಲೆಯನ್ನು ಅದೇ ಅಂಗಡಿಯ ಹಿಂದಿನ ಬೆಲೆಯಿಂದ ಭಾಗಿಸಿ, ಆ ಅನುಪಾತಗಳ ಸರಾಸರಿ ತೆಗೆಯಬೇಕು. ಯಾವ ಸರಾಸರಿ ಎಂಬುದು ಸಣ್ಣ ಪ್ರಶ್ನೆಯಲ್ಲ. ಒಂದು ಅಂಗಡಿಯಲ್ಲಿ ಟೊಮೆಟೊ 20ರಿಂದ 40ಕ್ಕೆ ಏರಿತು, ಇನ್ನೊಂದರಲ್ಲಿ 40ರಿಂದ 20ಕ್ಕೆ ಇಳಿಯಿತು ಎನ್ನಿ. ಅನುಪಾತಗಳು 2 ಮತ್ತು 0.5. ಕೂಡಿಸಿ ಎರಡರಿಂದ ಭಾಗಿಸಿದರೆ 1.25, ಅಂದರೆ ಶೇ 25 ಏರಿಕೆ. ಎರಡೂ ಅಂಗಡಿಗಳನ್ನು ಒಟ್ಟಿಗೆ ನೋಡಿದರೆ ಬೆಲೆಗಳು ಜಾಗ ಬದಲಿಸಿಕೊಂಡಿವೆ ಅಷ್ಟೇ, ಏರಿಲ್ಲ. ಗುಣಿಸಿ ವರ್ಗಮೂಲ ತೆಗೆದರೆ 1 ಬರುತ್ತದೆ, ಅದು ಸರಿಯಾದ ಉತ್ತರ. ಇದನ್ನೇ ಗುಣೋತ್ತರ ಮಾಧ್ಯ ಎನ್ನುವುದು. ಭಾರತ 2012ರ ಸರಣಿಯಿಂದ ಈ ಕ್ರಮಕ್ಕೆ ಬಂತು. ಅದಕ್ಕೆ ಹಿಂದಿನ 2010ರ ಸರಣಿಯಲ್ಲಿ ಸಾದಾ ಸರಾಸರಿ ಇತ್ತು.

ಗುಣೋತ್ತರ ಮಾಧ್ಯಕ್ಕೆ ಒಂದು ದೌರ್ಬಲ್ಯ ಇದೆ: ಸೊನ್ನೆ ಸೇರಿದರೆ ಇಡೀ ಗುಣಲಬ್ಧ ಸೊನ್ನೆ. 2023ರ ಜನವರಿಯಿಂದ ಕೇಂದ್ರದ ಪಡಿತರ ಅಕ್ಕಿ ಉಚಿತವಾದಾಗ ಈ ಪ್ರಶ್ನೆ ನಿಜವಾಗಿಯೇ ಎದುರಾಯಿತು. ಕಿಲೊಗೆ 3 ರೂಪಾಯಿ ಇದ್ದದ್ದು ಸೊನ್ನೆ ಆದರೆ ಅನುಪಾತ ಏನು? ಮುಂದೆ ಯಾವತ್ತಾದರೂ ಮತ್ತೆ 3 ರೂಪಾಯಿ ಮಾಡಿದರೆ ಸೊನ್ನೆಯಿಂದ ಭಾಗಿಸುವುದು ಹೇಗೆ? ನಮ್ಮ ರಾಜ್ಯದಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ, 200 ಯೂನಿಟ್‌ವರೆಗಿನ ವಿದ್ಯುತ್ ಯೋಜನೆ ಎಲ್ಲವೂ ಇದೇ ಜಾತಿಯ ಪ್ರಶ್ನೆಗಳು. ಉಚಿತವಾದದ್ದನ್ನು ಬೆಲೆ ಕುಸಿತ ಎಂದು ಎಣಿಸಿದರೆ ಆ ಸೌಲಭ್ಯ ಸಿಗದವರ ಪಾಲಿಗೆ ಸೂಚ್ಯಂಕ ಸುಳ್ಳಾಗುತ್ತದೆ. ಬುಟ್ಟಿಯಿಂದಲೇ ತೆಗೆದುಬಿಟ್ಟರೆ, ಸಿಕ್ಕವರ ಉಳಿತಾಯ ಕಾಣುವುದಿಲ್ಲ. ಸೂಚ್ಯಂಕ ಜನ ಹಣ ಕೊಟ್ಟು ಕೊಳ್ಳುವ ವಸ್ತುವಿನ ಬೆಲೆಯನ್ನು ಅಳೆಯಲಿ, ಉಚಿತದ ಲಾಭವನ್ನು ಬೇರೆ ಕೋಷ್ಟಕದಲ್ಲಿ ತೋರಿಸಲಿ ಎಂಬುದು ನಮ್ಮ ಅಭಿಪ್ರಾಯ.

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು, ಯಾವ ವಸ್ತುವಿಗೆ ಎಷ್ಟು ತೂಕ ಎಂಬುದು. ಇಲ್ಲಿ ತೂಕ ಎಂದರೆ ಮನೆಯ ಒಟ್ಟು ಖರ್ಚಿನಲ್ಲಿ ಆ ವಸ್ತುವಿನ ಪಾಲು. ಉಪ್ಪಿನ ಬೆಲೆ ಎರಡು ಪಟ್ಟಾದರೂ ಮನೆ ಮುಳುಗುವುದಿಲ್ಲ, ಅಕ್ಕಿಯದು ಕಾಲು ಭಾಗ ಏರಿದರೂ ತಿಂಗಳ ಲೆಕ್ಕ ತಪ್ಪುತ್ತದೆ. 2012ರ ಸರಣಿಯಲ್ಲಿ ಆಹಾರ ಮತ್ತು ಪಾನೀಯಕ್ಕೆ ನೂರರಲ್ಲಿ 45.86 ತೂಕ. ಹಳ್ಳಿಗೆ 54.18, ಪಟ್ಟಣಕ್ಕೆ 36.29. ಟೊಮೆಟೊಗೆ 0.57, ಚಿನ್ನಕ್ಕೆ 1.08.

0.57 ಎಂದರೆ ಚಿಕ್ಕದೆನಿಸಬಹುದು. 2023ರ ಜುಲೈಯಲ್ಲಿ ಅದು ಏನು ಮಾಡಿತು ನೋಡಿ. ಟೊಮೆಟೊ ಬೆಲೆ ಹಿಂದಿನ ಜುಲೈಗೆ ಹೋಲಿಸಿದರೆ ಶೇ 200ಕ್ಕೂ ಸ್ವಲ್ಪ ಮೇಲೆ ಏರಿತ್ತು, ಅಂದರೆ ಮೂರು ಪಟ್ಟು. 0.57ನ್ನು 2ರಿಂದ ಗುಣಿಸಿದರೆ 1.14. ಒಂದು ತರಕಾರಿಯಿಂದಲೇ ಒಟ್ಟು ಹಣದುಬ್ಬರಕ್ಕೆ ಒಂದಕ್ಕಿಂತ ಹೆಚ್ಚು ಶೇಕಡಾವಾರು ಅಂಶ ಸೇರಿತು. ಇದು ಅಂದಾಜು. ನಿಖರ ಲೆಕ್ಕ ಬೇಕೆಂದರೆ ಹಿಂದಿನ ವರ್ಷದ ಟೊಮೆಟೊ ಸೂಚ್ಯಂಕವನ್ನು ಒಟ್ಟು ಸೂಚ್ಯಂಕದಿಂದ ಭಾಗಿಸಿ ಆ ಅನುಪಾತದಿಂದಲೂ ಗುಣಿಸಬೇಕು. ಜೂನಿನಲ್ಲಿ 4.87 ಇದ್ದ ಹಣದುಬ್ಬರ ಜುಲೈಯಲ್ಲಿ 7.44ಕ್ಕೆ ಜಿಗಿಯಿತು, ಸೆಪ್ಟೆಂಬರಿಗೆ 5.02ಕ್ಕೆ ಇಳಿಯಿತು. ರಿಸರ್ವ್ ಬ್ಯಾಂಕ್ ಆ ಜಿಗಿತ ಕಂಡು ಬಡ್ಡಿ ಏರಿಸಲಿಲ್ಲ, ತಾನು ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಬಡ್ಡಿಯಾದ ರೆಪೊ ದರವನ್ನು ಶೇ 6.5ರಲ್ಲೇ ಇಟ್ಟಿತು. ಬಡ್ಡಿ ಏರಿಸಿದರೆ ಟೊಮೆಟೊ ಬೇಗ ಹಣ್ಣಾಗುವುದಿಲ್ಲವಲ್ಲ. ಕೋಲಾರದ ಮಂಡಿಗೆ ಹೊಸ ಬೆಳೆ ಬಂದ ಮೇಲೆ ತಾನಾಗಿ ತಣಿಯುವ ಏರಿಕೆಯನ್ನು, ಬಾಡಿಗೆ, ಫೀಸು, ಔಷಧಿಯಲ್ಲಿ ನಿಧಾನವಾಗಿ ಬೇರೂರುವ ಏರಿಕೆಯಿಂದ ಬೇರ್ಪಡಿಸಿ ನೋಡುವುದು ಇದಕ್ಕಾಗಿಯೇ.

ತೂಕ ಎಲ್ಲಿಂದ ಬರುತ್ತದೆ? ರಾಷ್ಟ್ರೀಯ ಮಾದರಿ ಸಮೀಕ್ಷೆಯ ಕುಟುಂಬ ಬಳಕೆ ವೆಚ್ಚದ ಲೆಕ್ಕದಿಂದ. 2012ರ ಸರಣಿಯ ತೂಕ 2011–12ರ ಸಮೀಕ್ಷೆಯದು. ಅದು ಬದಲಾಗದೆ 2025ರ ಡಿಸೆಂಬರಿನವರೆಗೂ ನಡೆದುಬಂತು. ಆ ಹದಿಮೂರು ವರ್ಷಗಳಲ್ಲಿ ಜನರ ಖರ್ಚು ಎಷ್ಟು ಬದಲಾಯಿತೆಂದರೆ, ಹಳ್ಳಿಯ ತಲಾ ಖರ್ಚಿನಲ್ಲಿ ಆಹಾರದ ಪಾಲು 2011–12ರಲ್ಲಿ ಶೇ 52.9 ಇದ್ದದ್ದು 2023–24ರಲ್ಲಿ ಶೇ 47ಕ್ಕೆ ಬಂತು. ಪಟ್ಟಣದಲ್ಲಿ 42.6ರಿಂದ 39.7ಕ್ಕೆ. ನಡುವೆ 2017–18ರಲ್ಲಿ ನಡೆದ ಸಮೀಕ್ಷೆಯನ್ನು ದತ್ತಾಂಶದ ಗುಣಮಟ್ಟದ ಕಾರಣ ಕೊಟ್ಟು ಸರ್ಕಾರ ಬಿಡುಗಡೆ ಮಾಡಲಿಲ್ಲ. ಅದು ದೊಡ್ಡ ನಷ್ಟ. ದೋಷವಿದ್ದರೆ ದೋಷದ ವಿವರದೊಂದಿಗೇ ಬಿಡುಗಡೆ ಮಾಡಬಹುದಿತ್ತು. ಹಳಸಿದ ತೂಕದಿಂದ ಏನಾಗುತ್ತದೆ ಎಂದರೆ ಆಹಾರದ ಬೆಲೆ ಏರಿದಾಗ ಹಣದುಬ್ಬರ ಇರಬೇಕಾದದ್ದಕ್ಕಿಂತ ಹೆಚ್ಚು ಕಾಣುತ್ತದೆ, ಇಳಿದಾಗ ಇರಬೇಕಾದದ್ದಕ್ಕಿಂತ ಕಡಿಮೆ ಕಾಣುತ್ತದೆ. 2023ರ ಜುಲೈಯ 7.44ಕ್ಕೂ 2025ರ ಅಕ್ಟೋಬರಿನ 0.25ಕ್ಕೂ ಈ ಮಾತು ಅನ್ವಯಿಸುತ್ತದೆ. ಏರಿದಾಗ ಮಾತ್ರ ಸೂಚ್ಯಂಕವನ್ನು ನಂಬುವವರೂ ಇಳಿದಾಗ ಮಾತ್ರ ನಂಬುವವರೂ ಇದನ್ನು ಗಮನಿಸಬೇಕು.

ಈಗ ಆ 0.25ನ್ನು ಬಿಡಿಸಿ ನೋಡೋಣ. ಆ ತಿಂಗಳು ಗ್ರಾಹಕ ಆಹಾರ ಬೆಲೆ ಸೂಚ್ಯಂಕ ಹಿಂದಿನ ವರ್ಷಕ್ಕಿಂತ ಶೇ 5.02 ಇಳಿದಿತ್ತು. ಪಾನೀಯ ಮತ್ತು ಸಿದ್ಧ ಊಟ-ತಿಂಡಿಗಳನ್ನು ಬಿಟ್ಟ ಈ ಸೂಚ್ಯಂಕದ ತೂಕ 39.06. ಗುಣಿಸಿದರೆ ಒಟ್ಟು ಅಂಕಿಯನ್ನು ಸುಮಾರು 2 ಶೇಕಡಾವಾರು ಅಂಶದಷ್ಟು ಕೆಳಗೆ ಎಳೆದದ್ದು ಆಹಾರವೊಂದೇ. ಹಾಗಿದ್ದೂ ಒಟ್ಟು ಅಂಕಿ ಸೊನ್ನೆಗಿಂತ ಮೇಲಿತ್ತೆಂದರೆ ಉಳಿದದ್ದೆಲ್ಲ ಸೇರಿ 2ಕ್ಕಿಂತ ಹೆಚ್ಚು ಮೇಲಕ್ಕೆ ಎತ್ತಿತ್ತು ಎಂದರ್ಥ. ಅದರಲ್ಲಿ ಚಿನ್ನದ ಕೈ ಇತ್ತು. ವರ್ಷದಲ್ಲಿ ಶೇ 50ಕ್ಕೂ ಹೆಚ್ಚು ಏರಿದ ಚಿನ್ನ 1.08 ತೂಕದಲ್ಲಿಯೇ ಅರ್ಧ ಅಂಶಕ್ಕಿಂತ ಹೆಚ್ಚು ಕೂಡಿಸಿತು. ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ಇಳಿಕೆ ಇನ್ನಷ್ಟು ವಸ್ತುಗಳನ್ನು ಕೆಳಗೆ ತಂದಿತ್ತು. ತರಕಾರಿ, ಬೇಳೆಗೆ ಕೊಡುವ ದುಡ್ಡು ಕಡಿಮೆಯಾಗಿ, ಶಾಲೆ ಮತ್ತು ಆಸ್ಪತ್ರೆಗೆ ಕೊಡುವುದು ಹೆಚ್ಚಾದ ಮನೆಗೆ 0.25 ಎಂಬುದು ಯಾರದೋ ಮನೆಯ ಲೆಕ್ಕದಂತೆ ಕಂಡರೆ ಆಶ್ಚರ್ಯವಿಲ್ಲ. ಇದೇ ತಿಂಗಳು ಕೇರಳದ ಹಣದುಬ್ಬರ ಶೇ 8ಕ್ಕಿಂತ ಮೇಲಿತ್ತು. ಆ ವರ್ಷ ಅಲ್ಲಿ ತೆಂಗಿನೆಣ್ಣೆ, ಚಿನ್ನ ಎರಡೂ ಹೊಡೆದವು. ಕರ್ನಾಟಕದ್ದು ಶೇ 2ರ ಮೇಲಿತ್ತು. ದೇಶದ ಸರಾಸರಿ ಸೊನ್ನೆಯ ಹತ್ತಿರವಿದ್ದಾಗ ನಮ್ಮ ರಾಜ್ಯದ ಅಂಕಿ ಅದರ ಹಲವು ಪಟ್ಟು ಇತ್ತು ಎಂಬ ಸಂಗತಿ ಕನ್ನಡ ಪತ್ರಿಕೆಯ ಮುಖಪುಟಕ್ಕೆ ಬರಬೇಕಾದದ್ದು.

ಹಿಂದಿನ ವರ್ಷದ ಅಂಕಿ ಈ ವರ್ಷದ್ದನ್ನು ಹೇಗೆ ತಿರುಚುತ್ತದೆ ಎಂಬುದಕ್ಕೆ 2024ರ ಜುಲೈ ಒಳ್ಳೆಯ ಪಾಠ. ಆ ತಿಂಗಳ ಹಣದುಬ್ಬರ ಶೇ 3.6ಕ್ಕೆ ಇಳಿಯಿತು, ರಿಸರ್ವ್ ಬ್ಯಾಂಕಿನ ಶೇ 4ರ ಗುರಿಗಿಂತ ಕೆಳಗೆ. ಕಾರಣ ಸರಳ: ಹೋಲಿಸುತ್ತಿದ್ದದ್ದು ಟೊಮೆಟೊ ಬೆಂಕಿಯಾಗಿದ್ದ 2023ರ ಜುಲೈಯೊಂದಿಗೆ. ಸೂಚ್ಯಂಕ 2022ರ ಜುಲೈಯಲ್ಲಿ 173.4, 2023ರಲ್ಲಿ 186.3, 2024ರಲ್ಲಿ 193.0. ಎರಡು ವರ್ಷಕ್ಕೆ ಶೇ 11.3 ಏರಿಕೆ. ತರಕಾರಿಯನ್ನೇ ತೆಗೆದುಕೊಂಡರೆ ಮೊದಲ ವರ್ಷ ಶೇ 37.34 ಏರಿ, ಮರುವರ್ಷ ಅದರ ಮೇಲೆ ಇನ್ನೂ ಶೇ 6.83 ಏರಿತು. ನೂರು ರೂಪಾಯಿಯ ತರಕಾರಿ 137 ಆಗಿ, ಆಮೇಲೆ 147ರ ಹತ್ತಿರ ಬಂತು. ‘ತರಕಾರಿ ಹಣದುಬ್ಬರ 37ರಿಂದ 7ಕ್ಕೆ ಕುಸಿತ’ ಎಂದು ಬರೆದರೆ ಅಕ್ಷರಶಃ ಸತ್ಯವೇ, ಆದರೆ ಓದಿದವರಿಗೆ ತಲುಪುವುದು ಸುಳ್ಳು. ಶೇಕಡಾವಾರು ಇಳಿಕೆಯ ಲೆಕ್ಕದಲ್ಲೂ ಇದೇ ಬಲೆ ಇದೆ. ನೂರು ಇದ್ದದ್ದು ಮುನ್ನೂರಾದರೆ ಶೇ 200 ಏರಿಕೆ. ಅದು ಶೇ 40 ಇಳಿದರೂ 180ರಲ್ಲಿ ನಿಲ್ಲುತ್ತದೆ.

ಮನೆ ಬಾಡಿಗೆಯ ವಿಷಯ ಬೆಂಗಳೂರಿನ ಓದುಗರು ಹೆಚ್ಚು ಕೇಳುವಂಥದ್ದು. 2012ರ ಸರಣಿಯಲ್ಲಿ ವಸತಿಗೆ ಪಟ್ಟಣದಲ್ಲಿ 21.67 ತೂಕ, ಹಳ್ಳಿಯಲ್ಲಿ ಸೊನ್ನೆ, ಒಟ್ಟಿಗೆ 10.07. ಒಂದೊಂದು ಮನೆಯ ಬಾಡಿಗೆಯನ್ನೂ ಆರು ತಿಂಗಳಿಗೊಮ್ಮೆ ಕೇಳುತ್ತಿದ್ದರು. ಕೇಳುತ್ತಿದ್ದದ್ದು ಈಗಾಗಲೇ ವಾಸವಿದ್ದ ಬಾಡಿಗೆದಾರರನ್ನು. ಇಂದು ಖಾಲಿಯಾಗಿ ನಾಳೆ ಹೊಸಬರಿಗೆ ಹೋಗುವ ಮನೆಯ ಬಾಡಿಗೆ ಒಮ್ಮೆಲೇ ಶೇ 30 ಏರಿರಬಹುದು. ಆದರೆ ಅದೇ ಬೀದಿಯಲ್ಲಿ ಮೂರು ವರ್ಷದಿಂದ ಇರುವವರು ಕರಾರಿನ ಪ್ರಕಾರ ವರ್ಷಕ್ಕೆ ಶೇ 5 ಮಾತ್ರ ಹೆಚ್ಚು ಕೊಡುತ್ತಿರುತ್ತಾರೆ. ಸೂಚ್ಯಂಕದಲ್ಲಿ ಇಬ್ಬರೂ ಇರುತ್ತಾರೆ, ಹಳಬರ ಸಂಖ್ಯೆಯೇ ಹೆಚ್ಚು. ಹಾಗಾಗಿ ಅದು ನಿಧಾನವಾಗಿ ಏರುತ್ತದೆ, ಇಳಿಯುವಾಗಲೂ ನಿಧಾನ. ಮನೆ ಹುಡುಕುತ್ತಿರುವವರ ಸಂಕಟ ಅದರಲ್ಲಿ ಕಾಣದಿರುವುದು ತಪ್ಪಲ್ಲ, ಅದು ಅಳೆಯುತ್ತಿರುವುದೇ ಬೇರೆ. ಸೈಟಿನ ಬೆಲೆ, ಫ್ಲ್ಯಾಟಿನ ಬೆಲೆ, ಸಾಲದ ಕಂತು ಇವು ಯಾವುವೂ ಈ ಸೂಚ್ಯಂಕದಲ್ಲಿಲ್ಲ. ಮನೆ ಕೊಳ್ಳುವುದು ಹೂಡಿಕೆ, ವಾಸ ಮಾಡುವುದು ಬಳಕೆ ಎಂಬ ವಿಂಗಡಣೆ ಇದಕ್ಕೆ ಕಾರಣ. ಸರ್ಕಾರಿ ವಸತಿಗೃಹಗಳನ್ನು ಸೇರಿಸಿದ್ದರಿಂದ ಆದ ಎಡವಟ್ಟೂ ಒಂದಿತ್ತು. 2017ರ ಜುಲೈಯಲ್ಲಿ ಕೇಂದ್ರ ನೌಕರರ ಮನೆ ಬಾಡಿಗೆ ಭತ್ಯೆ ಏರಿದಾಗ, ಯಾವ ಮಾಲೀಕರೂ ಬಾಡಿಗೆ ಏರಿಸದೆಯೇ ವಸತಿ ಸೂಚ್ಯಂಕ ಮೇಲಕ್ಕೆ ಹೋಯಿತು.

2026ರ ಫೆಬ್ರುವರಿಯಲ್ಲಿ ಹೊಸ ಸರಣಿ ಬಂತು. ಆಧಾರ ವರ್ಷ 2024, ತೂಕ 2023–24ರ ಸಮೀಕ್ಷೆಯದು. ಆಹಾರ ಮತ್ತು ಪಾನೀಯದ ತೂಕ 37ರ ಆಸುಪಾಸಿಗೆ ಇಳಿಯಿತು, ಹಳ್ಳಿಯ ಬಾಡಿಗೆಯೂ ಲೆಕ್ಕಕ್ಕೆ ಸೇರಿತು. ಇದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಸುದ್ದಿಮನೆಗಳು ಇಲ್ಲೊಂದು ಎಚ್ಚರ ವಹಿಸಬೇಕು. ಹೊಸ ಸರಣಿಯ ಸಂಖ್ಯೆ ನೂರರ ಆಚೀಚೆ, ಹಳೆಯದು ಇನ್ನೂರರ ಹತ್ತಿರ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಬೆಲೆ ಅರ್ಧಕ್ಕೆ ಇಳಿದಂತೆ ಕಾಣುತ್ತದೆ. ಹೋಲಿಸಬೇಕಿದ್ದರೆ ಜೋಡಣಾ ಗುಣಾಂಕ ಬಳಸಬೇಕು. ಎರಡೂ ಸರಣಿಗಳ ಸಂಖ್ಯೆ ಸಿಗುವ ಅವಧಿಯಲ್ಲಿ ಹಳೆಯದರ ಸರಾಸರಿಯನ್ನು ಹೊಸದರ ಸರಾಸರಿಯಿಂದ ಭಾಗಿಸಿದರೆ ಆ ಗುಣಾಂಕ ಬರುತ್ತದೆ. ಹೊಸ ಸಂಖ್ಯೆಯನ್ನು ಅದರಿಂದ ಗುಣಿಸಿದರೆ ಹಳೆಯ ಸರಣಿಗೆ ಸಮ. ಒಟ್ಟು ಸೂಚ್ಯಂಕದ ಗುಣಾಂಕವನ್ನು ಅಕ್ಕಿಗೋ ಬಟ್ಟೆಗೋ ಬಳಸಬಾರದು, ಗುಂಪು ಗುಂಪಿಗೂ ಗುಣಾಂಕ ಬೇರೆ.

ಗುಣಾಂಕದ ಬಳಕೆ ನೌಕರರಿಗೆ ಚೆನ್ನಾಗಿ ಗೊತ್ತು, ಏಕೆಂದರೆ ತುಟ್ಟಿಭತ್ಯೆ ಅದರ ಮೇಲೆಯೇ ನಿಂತಿದೆ. ಆದರೆ ತುಟ್ಟಿಭತ್ಯೆಯ ಸೂಚ್ಯಂಕ ಇದಲ್ಲ. ಅದು ಕಾರ್ಮಿಕ ಬ್ಯೂರೊ ಪ್ರಕಟಿಸುವ ಕೈಗಾರಿಕಾ ಕಾರ್ಮಿಕರ ಸೂಚ್ಯಂಕ, ಆಧಾರ ವರ್ಷ 2016, ಹಳೆಯ 2001ರ ಸರಣಿಗೆ ಜೋಡಿಸುವ ಗುಣಾಂಕ 2.88. ಕೇಂದ್ರ ನೌಕರರ ಲೆಕ್ಕ ಹೀಗೆ: ಹನ್ನೆರಡು ತಿಂಗಳ ಸರಾಸರಿ 140 ಎನ್ನಿ. 2.88ರಿಂದ ಗುಣಿಸಿದರೆ 403.2. ಅದರಿಂದ 261.42 (ಈಗಿನ ವೇತನ ಶ್ರೇಣಿ ಶುರುವಾದಾಗ ಹಳೆಯ ಸರಣಿಯಲ್ಲಿದ್ದ ಸರಾಸರಿ) ಕಳೆದರೆ 141.78. ಅದನ್ನು 261.42ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 54.23. ದಶಮಾಂಶ ಬಿಟ್ಟು ಶೇ 54. ಹಣದುಬ್ಬರ 0.25ಕ್ಕೆ ಇಳಿದರೂ ತುಟ್ಟಿಭತ್ಯೆ ಏಕೆ ಏರಿತು ಎಂದು ಕೇಳುವವರಿಗೆ ಉತ್ತರ ಇಲ್ಲಿದೆ: ಸೂಚ್ಯಂಕ ಬೇರೆ, ಜೊತೆಗೆ ಹನ್ನೆರಡು ತಿಂಗಳ ಸರಾಸರಿ. ಕೃಷಿ ಕಾರ್ಮಿಕರಿಗೆ ಮೂರನೆಯ ಸೂಚ್ಯಂಕ. ಅದು 2025ರ ಮಧ್ಯದವರೆಗೂ 1986–87ನ್ನು ಆಧಾರವಾಗಿಟ್ಟುಕೊಂಡು, 1983ರ ಖರ್ಚು ಸಮೀಕ್ಷೆಯ ತೂಕದಲ್ಲಿ ನಡೆಯಿತು. ಮೊಬೈಲ್ ಎಂಬುದೇ ಇಲ್ಲದ ಕಾಲದ ಬುಟ್ಟಿ ಅದು. ನರೇಗಾ ಕೂಲಿಯನ್ನು ವರ್ಷ ವರ್ಷ ಏರಿಸಲು ಬಳಸಿದ್ದು ಇದನ್ನೇ. ಔಷಧಿ, ಮಕ್ಕಳ ಓದು, ಬಸ್ ಚಾರ್ಜಿಗೆ ಹೆಚ್ಚು ಖರ್ಚು ಮಾಡುವ ಈಗಿನ ಕೂಲಿ ಕುಟುಂಬದ ಕಷ್ಟವನ್ನು ನಲವತ್ತು ವರ್ಷ ಹಳೆಯ ತಕ್ಕಡಿಯಲ್ಲಿ ತೂಗಿದ್ದು ಅನ್ಯಾಯ ಎಂದೇ ನಮ್ಮ ಮಾತು. ಇನ್ನು ಸಗಟು ಬೆಲೆ ಸೂಚ್ಯಂಕ ಮನೆಯ ಲೆಕ್ಕಕ್ಕೆ ಸಂಬಂಧಿಸಿದ್ದೇ ಅಲ್ಲ. ಅದರಲ್ಲಿ ಬಾಡಿಗೆ, ಶುಲ್ಕ, ಪ್ರಯಾಣದಂಥ ಸೇವೆಗಳಿಲ್ಲ, 2011–12ರ ಸರಣಿಯಲ್ಲಿ ತಯಾರಿಕಾ ವಸ್ತುಗಳಿಗೇ 64.23 ತೂಕ. ‘ಹಣದುಬ್ಬರ’ ಎಂಬ ಒಂದೇ ತಲೆಬರಹದಡಿ ಇದನ್ನೂ ಅದನ್ನೂ ವಾರದ ಅಂತರದಲ್ಲಿ ಅಚ್ಚು ಮಾಡಿದರೆ ಓದುಗರು ಗೊಂದಲಗೊಳ್ಳದೆ ಇನ್ನೇನು ಮಾಡಿಯಾರು?

ತಮ್ಮ ಮನೆಯ ಹಣದುಬ್ಬರ ಎಷ್ಟು ಎಂದು ತಿಳಿಯಲು ಯಾರಿಗೂ ಒಂದು ನೋಟ್‌ಬುಕ್ ಸಾಕು. ತಿಂಗಳಿಗೆ 20,000 ರೂಪಾಯಿ ಖರ್ಚಿನ ಮನೆ ಎನ್ನಿ. ಊಟಕ್ಕೆ 8,000, ಅದರಲ್ಲಿ ಬೆಲೆ ಏರಿಕೆ ಶೇ 2. ಬಾಡಿಗೆ 6,000, ಏರಿಕೆ ಶೇ 5. ಶಾಲೆಗೆ 2,500, ಏರಿಕೆ ಶೇ 10. ಬಸ್ಸಿಗೆ 1,500, ಏರಿಕೆ ಶೇ 15. ರಾಜ್ಯದ ಸಾರಿಗೆ ಬಸ್ಸುಗಳ ದರ 2025ರ ಜನವರಿಯಲ್ಲಿ ಏರಿದ್ದು ಅಷ್ಟೇ. ಉಳಿದ 2,000ಕ್ಕೆ ಶೇ 3. ಒಂದೊಂದನ್ನೂ ಗುಣಿಸಿ: 160, 300, 250, 225, 60. ಒಟ್ಟು 995 ರೂಪಾಯಿ, 20,000ಕ್ಕೆ ಹೋಲಿಸಿದರೆ ಹತ್ತಿರ ಹತ್ತಿರ ಶೇ 5. ಗುಣಿಸಬೇಕಾದದ್ದು ಹಿಂದಿನ ವರ್ಷದ ಖರ್ಚಿನಿಂದ, ಈ ವರ್ಷದ್ದರಿಂದಲ್ಲ. ಹೊಸ ಫೋನು ಕೊಂಡದ್ದು, ಮಗಳು ದೊಡ್ಡ ತರಗತಿಗೆ ಹೋದದ್ದರಿಂದ ಫೀಸು ಹೆಚ್ಚಾದದ್ದು ಬೆಲೆ ಏರಿಕೆ ಅಲ್ಲ. ಅದೇ ತರಗತಿಗೆ ಹೋದ ವರ್ಷ ಎಷ್ಟಿತ್ತು, ಈಗ ಎಷ್ಟು ಎಂದು ಕೇಳಬೇಕು. ಯುಗಾದಿ, ಗೌರಿ ಹಬ್ಬದ ತಿಂಗಳನ್ನು ಸಾದಾ ತಿಂಗಳಿಗೆ ಹೋಲಿಸಬಾರದು. ಹೂವು, ಹಣ್ಣು, ಬೆಲ್ಲದ ಬೆಲೆ ಆ ವಾರ ಎಲ್ಲಿಗೋ ಹೋಗಿರುತ್ತದೆ. ಹಬ್ಬ ಒಂದು ವರ್ಷ ಆಗಸ್ಟಿನಲ್ಲಿ, ಇನ್ನೊಂದು ವರ್ಷ ಸೆಪ್ಟೆಂಬರಿನಲ್ಲಿ ಬಂದರೆ ಅಧಿಕೃತ ಅಂಕಿಯೂ ಅಲುಗುತ್ತದೆ. ಮತ್ತೆ ಮತ್ತೆ ಕೊಳ್ಳುವ ಹಾಲು, ತರಕಾರಿಯ ಏರಿಕೆ ಮನಸ್ಸಿನಲ್ಲಿ ಉಳಿಯುತ್ತದೆ, ಇಳಿಕೆ ಮರೆತುಹೋಗುತ್ತದೆ. ರಿಸರ್ವ್ ಬ್ಯಾಂಕ್ ಕುಟುಂಬಗಳನ್ನು ಕೇಳಿ ನಡೆಸುವ ಸಮೀಕ್ಷೆಯಲ್ಲಿ ಜನ ಹೇಳುವ ಹಣದುಬ್ಬರ ಅಧಿಕೃತ ಅಂಕಿಗಿಂತ ಸಾಮಾನ್ಯವಾಗಿ ಹೆಚ್ಚೇ ಇರುವುದಕ್ಕೆ ಇದೂ ಒಂದು ಕಾರಣ. ಬರೆದಿಟ್ಟ ಲೆಕ್ಕ ಬೇಕಾದದ್ದು ಅದಕ್ಕೇ.

ಈಗ ಕೋರಿಕೆ. ಹಣದುಬ್ಬರದ ಸುದ್ದಿಯ ಜೊತೆ ಪ್ರತಿ ತಿಂಗಳೂ ಬೆರಳಗಲದ ಒಂದು ಚೌಕಟ್ಟು ಹಾಕಿ. ಅದರಲ್ಲಿ ಈ ತಿಂಗಳ ಸೂಚ್ಯಂಕ, ಕಳೆದ ತಿಂಗಳದ್ದು, ಹಿಂದಿನ ವರ್ಷದ್ದು, ಅದರ ಹಿಂದಿನ ವರ್ಷದ್ದು ಇರಲಿ. ಕರ್ನಾಟಕದ ಹಳ್ಳಿ ಮತ್ತು ಪಟ್ಟಣದ ಅಂಕಿ ಬೇರೆ ಬೇರೆಯಾಗಿರಲಿ. ಅತಿ ಹೆಚ್ಚು ಏರಿದ ಮತ್ತು ಇಳಿದ ಮೂರು ಮೂರು ವಸ್ತುಗಳ ಹೆಸರಿನ ಮುಂದೆ ಅವುಗಳ ತೂಕವೂ ಇರಲಿ. ಮೊದಲು ಬರುವ ಅಂಕಿ ತಾತ್ಕಾಲಿಕ ಎಂದು ನಮೂದಿಸಿ, ಮರು ತಿಂಗಳು ಬದಲಾದರೆ ಅದನ್ನೂ ಹಾಕಿ. 2024ರ ಜುಲೈಯದು ಮೊದಲು 3.54 ಎಂದು ಬಂದು ಆಮೇಲೆ 3.60 ಆಯಿತು. 7ರಿಂದ 5ಕ್ಕೆ ಬಂದರೆ ‘ಶೇ 2 ಇಳಿಕೆ’ ಎನ್ನದೆ ‘2 ಶೇಕಡಾವಾರು ಅಂಶ ಇಳಿಕೆ’ ಎಂದು ಬರೆಯಿರಿ. ‘ಹಣದುಬ್ಬರ ಇಳಿಕೆ’ ಎಂದು ತಲೆಬರಹ ಕೊಡುವ ಮುನ್ನ ಸೂಚ್ಯಂಕ ಇಳಿದಿದೆಯೇ ಎಂದು ನೋಡಿ. ಇಳಿದಿರದಿದ್ದರೆ ‘ಬೆಲೆ ಏರಿಕೆಯ ವೇಗ ಇಳಿಕೆ’ ಎಂದು ಬರೆಯಲು ಎರಡು ಪದ ಹೆಚ್ಚು ಬೇಕಾದೀತು, ಅಷ್ಟೇ.

ಇಂತಿ,
ಸಂಖ್ಯಾಶಾಸ್ತ್ರ ಮತ್ತು ಅರ್ಥಶಾಸ್ತ್ರ ಕಲಿಸುವ ಕೆಲವು ಓದುಗರು